ಒಂದೇ ಪಿಸಿಒಎಸ್, ಎರಡು ರಿಪೋರ್ಟ್

ಹೋದ ದೀಪಾವಳಿಗೆ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಊಟ ಆದ ಮೇಲೆ ತಂಗಿ ಒಳಗಿನಿಂದ ಒಂದು ಪ್ಲಾಸ್ಟಿಕ್ ಫೈಲ್ ತಂದು ನನ್ನ ಮುಂದಿಟ್ಟಳು. "ಅಕ್ಕಾ, ಇದನ್ನ ಸ್ವಲ್ಪ ನೋಡು. ನಿನಗೂ ಇದೇ ಅಲ್ವಾ?" ಅಂದಳು. ಹೌದು, ನನಗೂ ಇದೇ. ನನ್ನ ಹಳೆಯ ರಿಪೋರ್ಟ್ ಫೋನಿನಲ್ಲಿತ್ತು, ತೆಗೆದು ಪಕ್ಕದಲ್ಲಿಟ್ಟೆ. ಇಬ್ಬರ ಚೀಟಿಯಲ್ಲೂ ಡಾಕ್ಟರ್ ಬರೆದಿದ್ದು ಒಂದೇ ಪದ: ಪಿಸಿಒಎಸ್. ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂದರೆ ಓವರಿಯಲ್ಲಿ (ಅಂಡಾಶಯದಲ್ಲಿ) ಬಹಳ ಗುಳ್ಳೆ ಇರುವ ತೊಂದರೆ ಅಂತ ಆ ಹೆಸರಿನ ಅರ್ಥ.

ಪದ ಒಂದೇ, ಆದರೆ ಅದರ ಕೆಳಗಿನ ಸಾಲುಗಳು ಎಲ್ಲೂ ಹೊಂದುತ್ತಿರಲಿಲ್ಲ. ನಾನು 49 ಕೆಜಿ, ಅವಳು 71. ಓವರಿಗೆ ಕೆಲಸ ಹೇಳುವ ಎರಡು ಹಾರ್ಮೋನ್‌ಗಳಲ್ಲಿ ನನ್ನ ಎಲ್‌ಎಚ್ 13.8, ಎಫ್‌ಎಸ್‌ಎಚ್ 5.2. ಅವಳದು 6.9 ಮತ್ತು 5.6. ಲಿವರ್ ಮಾಡುವ ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನ್ ನನ್ನದು 68, ಅವಳದು ಬರೀ 17. ನನ್ನ ಮುಖದಲ್ಲಿ ಒಂದು ಕೂದಲಿಲ್ಲ. ಅವಳು ಎರಡು ವಾರಕ್ಕೊಮ್ಮೆ ಗಲ್ಲಕ್ಕೆ ಥ್ರೆಡ್ಡಿಂಗ್ ಮಾಡಿಸುತ್ತಾಳೆ. ನನಗೆ ಮುಟ್ಟು ಒಂದೂವರೆ, ಎರಡು ತಿಂಗಳಿಗೆ ಬರುತ್ತದೆ. ಅವಳಿಗೆ ಮೂರು ತಿಂಗಳಾದರೂ ಇಲ್ಲ. ಅವಳ ಕುತ್ತಿಗೆಯ ಹಿಂಭಾಗ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪವಾಗಿದೆ. ಚಿಕ್ಕಮ್ಮ ಅದನ್ನು ಕೊಳೆ ಅಂದುಕೊಂಡು ಎಷ್ಟೋ ವರ್ಷದಿಂದ ಕಡಲೆಹಿಟ್ಟು, ನಿಂಬೆರಸ ಹಚ್ಚಿ ಉಜ್ಜುತ್ತಿದ್ದಾರೆ.

ನಾನು ಡಾಕ್ಟರ್ ಓದಿದವಳಲ್ಲ. ಹತ್ತು ವರ್ಷ ಇದರ ಜೊತೆ ಬದುಕಿ, ಸಿಕ್ಕಿದ್ದೆಲ್ಲ ಓದಿ, ಡಾಕ್ಟರ್ ಹತ್ತಿರ ಕೂತು ಪ್ರಶ್ನೆ ಕೇಳಿ ತಿಳಿದುಕೊಂಡಿದ್ದೇನೆ. ಅವತ್ತು ತಂಗಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಪಿಸಿಒಎಸ್‌ನಲ್ಲಿ ಬಗೆಗಳಿವೆ. ನಿಮ್ಮದು ಯಾವ ಬಗೆ ಅಂತ ಗೊತ್ತಾಗದೆ ಪಕ್ಕದ ಮನೆಯವರಿಗೆ ಕೊಟ್ಟ ಮಾತ್ರೆ, ಪಕ್ಕದ ಮನೆಯವರು ಮಾಡಿದ ಡಯಟ್ ನಿಮಗೂ ಆಗುತ್ತದೆ ಅಂದುಕೊಳ್ಳಬೇಡಿ.

ಹೆಸರೇ ದಾರಿ ತಪ್ಪಿಸುತ್ತದೆ

1935ರಲ್ಲಿ ಷಿಕಾಗೋದ ಇಬ್ಬರು ಡಾಕ್ಟರ್‌ಗಳು, ಇರ್ವಿಂಗ್ ಸ್ಟೈನ್ ಮತ್ತು ಮೈಕೆಲ್ ಲೆವೆಂಥಾಲ್, ಏಳು ಹೆಂಗಸರ ಬಗ್ಗೆ ಒಂದು ವರದಿ ಬರೆದರು. ಮುಟ್ಟು ನಿಂತಿದೆ, ಓವರಿ ದೊಡ್ಡದಾಗಿದೆ, ಅದರ ತುಂಬ ಗುಳ್ಳೆಗಳಿವೆ ಅಂತ. ಅವರು ಓವರಿಯನ್ನು ನೋಡಿದರು, ಹಾಗಾಗಿ ಹೆಸರೂ ಓವರಿಗೇ ಅಂಟಿಕೊಂಡಿತು. ಇವತ್ತಿಗೂ ಸ್ಕ್ಯಾನಿಂಗ್ ಆದ ಮೇಲೆ ನಮ್ಮವರು ಹೇಳುವುದು "ನೀರುಗುಳ್ಳೆ ಆಗಿದೆಯಂತೆ" ಅಂತಲೇ. ಅದು ಒಡೆಯುತ್ತಾ, ಆಪರೇಷನ್ ಮಾಡಿ ತೆಗೆಸಬೇಕಾ ಅಂತ ಹೆದರಿಕೆ ಬೇರೆ.

ಅವು ರೋಗದ ಗುಳ್ಳೆಗಳಲ್ಲ, ಮೊಟ್ಟೆ ಇರುವ ಪುಟ್ಟ ಚೀಲಗಳು. ಡಾಕ್ಟರ್‌ಗಳು ಫಾಲಿಕಲ್ ಅನ್ನುತ್ತಾರೆ. ಪ್ರತಿ ತಿಂಗಳು ಒಂದಷ್ಟು ಫಾಲಿಕಲ್ ಒಟ್ಟಿಗೆ ಬೆಳೆಯಲು ಶುರು ಮಾಡುತ್ತವೆ. ಅದರಲ್ಲಿ ಒಂದು ಮಾತ್ರ ಮುಂದೆ ಹೋಗಿ ಸುಮಾರು 20 ಮಿಲಿಮೀಟರ್ ಆಗಿ ಒಡೆದು ಮೊಟ್ಟೆ ಬಿಡುತ್ತದೆ. ಉಳಿದವು ಕರಗಿ ಹೋಗುತ್ತವೆ. ಪಿಸಿಒಎಸ್‌ನಲ್ಲಿ ಶುರುವಾದ ಫಾಲಿಕಲ್‌ಗಳು 2ರಿಂದ 9 ಮಿಲಿಮೀಟರ್‌ನಲ್ಲೇ ನಿಂತುಬಿಡುತ್ತವೆ. ಓವರಿಯ ಅಂಚಿನುದ್ದಕ್ಕೂ ಪೋಣಿಸಿದ ಮಣಿಗಳ ಹಾಗೆ ಸ್ಕ್ಯಾನ್‌ನಲ್ಲಿ ಕಾಣುವುದು ಇವೇ. ಇದನ್ನು ತೆಗೆದು ಹಾಕುವ ಮಾತೇ ಇಲ್ಲ. ಯಾಕೆ ನಿಂತವು ಅನ್ನುವುದು ಮುಖ್ಯ.

ಇನ್ನೊಂದು ಗೊಂದಲ ನಮ್ಮ ದೇಶದ್ದು. "ಪಿಸಿಒಡಿ ಅಂದ್ರೆ ಸಣ್ಣದು, ಪಿಸಿಒಎಸ್ ಅಂದ್ರೆ ದೊಡ್ಡದು" ಅಂತ ಎಷ್ಟೋ ಜನ ಹೇಳುತ್ತಾರೆ. ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಹಾಗೆ ಎರಡು ಕಾಯಿಲೆಗಳಿಲ್ಲ. ನಮ್ಮಲ್ಲಿ ಪಿಸಿಒಡಿ ಅನ್ನುವ ಮಾತು ರೂಢಿಯಲ್ಲಿ ಉಳಿದುಕೊಂಡಿದೆ, ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರಲ್ಲಿ 100ಕ್ಕೆ 10ರಿಂದ 13 ಜನರಿಗೆ ಇದು ಇದೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಇದೆ ಅಂತಲೇ ಗೊತ್ತಿಲ್ಲ.

ಎ, ಬಿ, ಸಿ, ಡಿ

ಇದನ್ನು ಗುರುತಿಸುವುದು ಹೇಗೆ ಅನ್ನುವುದರ ಬಗ್ಗೆ ಡಾಕ್ಟರ್‌ಗಳೇ ಬಹಳ ವರ್ಷ ಜಗಳವಾಡಿದ್ದಾರೆ. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಸೇರಿದವರು ಎರಡು ಲಕ್ಷಣ ಇರಲೇಬೇಕು ಅಂದರು: ಗಂಡು ಹಾರ್ಮೋನ್, ಅಂದರೆ ಆಂಡ್ರೋಜನ್, ಜಾಸ್ತಿ ಇರಬೇಕು, ಮುಟ್ಟು ಏರುಪೇರಾಗಿರಬೇಕು. 2003ರಲ್ಲಿ ನೆದರ್‌ಲ್ಯಾಂಡ್ಸ್‌ನ ರಾಟರ್‌ಡ್ಯಾಮ್‌ನಲ್ಲಿ ಸೇರಿದವರು ಇದಕ್ಕೆ ಸ್ಕ್ಯಾನಿಂಗನ್ನೂ ಸೇರಿಸಿ, ಈ ಮೂರರಲ್ಲಿ ಯಾವುದಾದರೂ ಎರಡು ಇದ್ದರೆ ಸಾಕು ಅಂದರು. ಅಲ್ಲಿಂದಲೇ ಬಗೆಗಳ ಮಾತು ಬಂತು. ಮೂರರಲ್ಲಿ ಎರಡು ಅಂದಾಗ ಲೆಕ್ಕ ನಾಲ್ಕು ರೀತಿ ಬರುತ್ತದೆ.

ಮೂರೂ ಇದ್ದರೆ ಎ. ಆಂಡ್ರೋಜನ್ ಜಾಸ್ತಿ, ಮುಟ್ಟು ಏರುಪೇರು, ಆದರೆ ಸ್ಕ್ಯಾನ್ ಸರಿಯಿದ್ದರೆ ಬಿ. ಆಂಡ್ರೋಜನ್ ಜಾಸ್ತಿ, ಸ್ಕ್ಯಾನ್‌ನಲ್ಲಿ ಫಾಲಿಕಲ್ ಜಾಸ್ತಿ, ಆದರೆ ಮುಟ್ಟು ತಿಂಗಳು ತಿಂಗಳು ಬರುತ್ತಿದ್ದರೆ ಸಿ. ಮುಟ್ಟು ಏರುಪೇರು, ಫಾಲಿಕಲ್ ಜಾಸ್ತಿ, ಆದರೆ ಆಂಡ್ರೋಜನ್ ಸರಿಯಿದ್ದರೆ ಡಿ. ತಂಗಿಯದು ಎ. ನನ್ನದು ಡಿ.

2012ರಲ್ಲಿ ಅದೇ ಅಮೆರಿಕದ ಸಂಸ್ಥೆ ಕರೆದ ಸಭೆಯೊಂದು ರಾಟರ್‌ಡ್ಯಾಮ್ ಪದ್ಧತಿಯನ್ನು ಒಪ್ಪಿತು. ಜೊತೆಗೆ ಪಿಸಿಒಎಸ್ ಅಂತ ಬರೆದು ಬಿಡಬೇಡಿ, ಯಾವ ಬಗೆ ಅಂತಲೂ ಬರೆಯಿರಿ ಅಂದಿತು. ಈ ಹೆಸರೇ ಸರಿಯಿಲ್ಲ, ಬದಲಾಯಿಸಬೇಕು ಅಂತಲೂ ಹೇಳಿತು. ಇಷ್ಟು ವರ್ಷವಾದರೂ ನನ್ನ ಚೀಟಿಯಲ್ಲಾಗಲಿ ತಂಗಿಯ ಚೀಟಿಯಲ್ಲಾಗಲಿ ಬಗೆ ಬರೆದಿರಲಿಲ್ಲ. ಒಂದೇ ಒಂದು ಅಕ್ಷರ ಸೇರಿಸಿದ್ದರೆ ನಮಗೆ ಎಷ್ಟು ವರ್ಷದ ಗೊಂದಲ ತಪ್ಪುತ್ತಿತ್ತು ಅಂತ ನನಗೆ ನಿಜವಾಗಲೂ ಬೇಜಾರಾಗುತ್ತದೆ.

ಒಳಗೆ ಏನಾಗುತ್ತಿದೆ

ಫಾಲಿಕಲ್‌ನ ಗೋಡೆಯಲ್ಲಿ ಎರಡು ಪದರ ಇದೆ. ಹೊರಗಿನ ಪದರದ ಕೆಲಸ ಆಂಡ್ರೋಜನ್ ತಯಾರಿಸುವುದು. ಒಳಗಿನ ಪದರ ಅದನ್ನು ತೆಗೆದುಕೊಂಡು ಈಸ್ಟ್ರೋಜನ್ ಮಾಡುತ್ತದೆ. ಒಬ್ಬರು ಹಿಟ್ಟು ರುಬ್ಬಿ ಕೊಡುತ್ತಾರೆ, ಇನ್ನೊಬ್ಬರು ದೋಸೆ ಹುಯ್ಯುತ್ತಾರೆ, ಆ ಥರ. ಹಾಗಾಗಿ "ಹೆಣ್ಣಿನ ಮೈಯಲ್ಲಿ ಗಂಡು ಹಾರ್ಮೋನ್ ಹೇಗೆ ಬಂತು" ಅಂತ ಗಾಬರಿ ಬೇಡ. ಅದು ಎಲ್ಲ ಹೆಂಗಸರಲ್ಲೂ ಇರುತ್ತದೆ. ಅದಿಲ್ಲದೆ ಈಸ್ಟ್ರೋಜನ್ನೇ ಆಗುವುದಿಲ್ಲ.

ಹೊರ ಪದರಕ್ಕೆ ಕೆಲಸ ಹೇಳುವುದು ಎಲ್‌ಎಚ್, ಒಳ ಪದರಕ್ಕೆ ಹೇಳುವುದು ಎಫ್‌ಎಸ್‌ಎಚ್. ಎರಡೂ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಬರುತ್ತವೆ. ಅದಕ್ಕೂ ಮೇಲಿನಿಂದ, ಮೆದುಳಿನೊಳಗಿಂದ, ಬಿಟ್ಟು ಬಿಟ್ಟು ಬಡಿಯುವ ತಾಳದ ಹಾಗೆ ಒಂದು ಸೂಚನೆ ಬರುತ್ತಿರುತ್ತದೆ. ತಾಳ ನಿಧಾನವಾಗಿದ್ದರೆ ಎಫ್‌ಎಸ್‌ಎಚ್ ಜಾಸ್ತಿ, ಜೋರಾದರೆ ಎಲ್‌ಎಚ್ ಜಾಸ್ತಿ. ಪಿಸಿಒಎಸ್ ಇರುವ ಬಹಳ ಜನರಲ್ಲಿ ತಾಳ ಸದಾ ಜೋರಾಗಿರುತ್ತದೆ. ಆಗ ರುಬ್ಬುವವರು ರುಬ್ಬುತ್ತಲೇ ಇರುತ್ತಾರೆ, ದೋಸೆ ಹುಯ್ಯುವವರ ಕೈ ಸಾಲದು. ಹಿಟ್ಟು ಪಾತ್ರೆ ಮೀರಿ ಉಕ್ಕುತ್ತದೆ. ಉಕ್ಕಿದ ಆ ಆಂಡ್ರೋಜನ್ ರಕ್ತಕ್ಕೆ ಸೇರಿ ಗಲ್ಲದಲ್ಲಿ ಕೂದಲು, ಕೆನ್ನೆಯಲ್ಲಿ ಮೊಡವೆ, ನೆತ್ತಿಯಲ್ಲಿ ಕೂದಲು ಉದುರುವುದು, ಹೀಗೆ ಹೊರಗೆ ಕಾಣಿಸಿಕೊಳ್ಳುತ್ತದೆ.

ಇನ್ನು ಎಎಂಎಚ್ ಅಂತ ಒಂದು ಹಾರ್ಮೋನ್ ಇದೆ. ಅದನ್ನು ಸಣ್ಣ ಫಾಲಿಕಲ್‌ಗಳೇ ಬಿಡುತ್ತವೆ. ನಿಂತ ಫಾಲಿಕಲ್ ಜಾಸ್ತಿ ಇದ್ದಷ್ಟೂ ಎಎಂಎಚ್ ಜಾಸ್ತಿ. ಅದು ಜಾಸ್ತಿಯಾದಷ್ಟೂ ಎಫ್‌ಎಸ್‌ಎಚ್‌ನ ಮಾತು ಓವರಿಗೆ ಕೇಳುವುದು ಕಡಿಮೆ. ಎ ಬಗೆಯಲ್ಲಿ ಸಾಮಾನ್ಯವಾಗಿ ಇದು ಎಲ್ಲಕ್ಕಿಂತ ಮೇಲಿರುತ್ತದೆ.

ಇಲ್ಲಿಯವರೆಗೂ ಹೇಳಿದ್ದು ಹಾರ್ಮೋನಿನ ಕತೆ. ತಂಗಿಯ ರಿಪೋರ್ಟಿನಲ್ಲಿ ಎಲ್‌ಎಚ್ ಬರೀ 6.9 ಇದೆಯಲ್ಲ, ಅವಳಿಗೆ ಯಾಕೆ ಗಡ್ಡ ಬರುತ್ತಿದೆ, ಎಲ್‌ಎಚ್ 13.8 ಇರುವ ನನಗೆ ಯಾಕಿಲ್ಲ? ಅಲ್ಲಿಗೆ ಇನ್ಸುಲಿನ್ ಬರಬೇಕು.

ಇನ್ಸುಲಿನ್ ಅಂದರೆ ನಮಗೆ ತಕ್ಷಣ ಶುಗರ್ ನೆನಪಾಗುತ್ತದೆ. ಊಟದ ಸಕ್ಕರೆಯನ್ನು ರಕ್ತದಿಂದ ಸ್ನಾಯುವಿನೊಳಗೆ ಕಳಿಸುವುದು ಅದರ ಕೆಲಸ. ಕೆಲವರ ಸ್ನಾಯುಗಳು ಇನ್ಸುಲಿನ್ ಬಾಗಿಲು ತಟ್ಟಿದರೆ ಬೇಗ ತೆಗೆಯುವುದಿಲ್ಲ. ಆಗ ಮೇದೋಜೀರಕ ಗ್ರಂಥಿ ಇನ್ನೂ ಇನ್ನೂ ಇನ್ಸುಲಿನ್ ಕಳಿಸುತ್ತದೆ. ಸಕ್ಕರೆ ಹೇಗೋ ಒಳಗೆ ಹೋಗುತ್ತದೆ, ರಿಪೋರ್ಟಿನಲ್ಲಿ ಶುಗರ್ ನಾರ್ಮಲ್ ಅಂತ ಬರುತ್ತದೆ. ಆದರೆ ರಕ್ತದ ತುಂಬ ಇನ್ಸುಲಿನ್. ಇದಕ್ಕೇ ಇನ್ಸುಲಿನ್ ರೆಸಿಸ್ಟೆನ್ಸ್ ಅನ್ನುವುದು.

ನನ್ನನ್ನು ಬಹಳ ದಿನ ಯೋಚನೆಗೆ ಹಚ್ಚಿದ ಸಂಗತಿ ಇದು: ಸ್ನಾಯುವಿಗೆ ಕಿವುಡು ಬಂದರೂ ಓವರಿಗೆ ಬರುವುದಿಲ್ಲ. ಅಷ್ಟೂ ಇನ್ಸುಲಿನ್‌ನ ಕೂಗನ್ನು ಓವರಿ ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಅಲ್ಲಿ ಇನ್ಸುಲಿನ್ ಎಲ್‌ಎಚ್ ಜೊತೆ ಕೈಜೋಡಿಸಿ ಅದೇ ಹೊರ ಪದರಕ್ಕೆ ಇನ್ನಷ್ಟು ಆಂಡ್ರೋಜನ್ ಮಾಡು ಅನ್ನುತ್ತದೆ. ಚರ್ಮಕ್ಕೂ ಕೇಳಿಸುತ್ತದೆ. ಕುತ್ತಿಗೆ, ಕಂಕುಳಲ್ಲಿ ಚರ್ಮದ ಕಣಗಳು ಜಾಸ್ತಿ ಬೆಳೆದು ಕಪ್ಪಾಗಿ ದಪ್ಪವಾಗುತ್ತವೆ. ಚಿಕ್ಕಮ್ಮ ಉಜ್ಜುತ್ತಿದ್ದ ಆ ಕಪ್ಪು ಇದೇ. ಅದು ಯಾವ ಸೋಪಿಗೂ ಹೋಗುವುದಿಲ್ಲ, ಯಾಕೆಂದರೆ ಅದು ಬಂದಿದ್ದು ಒಳಗಿನಿಂದ. ಉಜ್ಜಿ ಉಜ್ಜಿ ಆ ಹುಡುಗಿಯ ಚರ್ಮ ಉರಿ ಬಂದಿದ್ದೇ ಬಂತು.

ಲಿವರ್‌ನದ್ದೂ ಒಂದು ಪಾತ್ರ ಇದೆ. ಎಸ್‌ಎಚ್‌ಬಿಜಿ ಅನ್ನುವ ಪ್ರೋಟೀನನ್ನು ಅದು ತಯಾರಿಸುತ್ತದೆ. ಜಾತ್ರೆಯಲ್ಲಿ ಮೊಮ್ಮಕ್ಕಳ ಕೈ ಬಿಗಿಯಾಗಿ ಹಿಡಿದುಕೊಂಡು ಓಡಾಡುವ ಅಜ್ಜಿಯನ್ನು ನೋಡಿದ್ದೀರಲ್ಲ, ಎಸ್‌ಎಚ್‌ಬಿಜಿ ಹಾಗೆ. ರಕ್ತದಲ್ಲಿ ಓಡಾಡುವ ಟೆಸ್ಟೋಸ್ಟಿರಾನ್ ಅನ್ನುವ ಆಂಡ್ರೋಜನ್‌ನ ಕೈ ಹಿಡಿದುಕೊಂಡಿರುತ್ತದೆ. ಕೈ ಬಿಡಿಸಿಕೊಂಡ ಟೆಸ್ಟೋಸ್ಟಿರಾನ್ ಮಾತ್ರ ಕೂದಲಿನ ಬುಡಕ್ಕೆ ಹೋಗಿ ಕೆಲಸ ಮಾಡಬಲ್ಲದು. ಅದು ಸಾಮಾನ್ಯವಾಗಿ 100ಕ್ಕೆ ಒಂದೆರಡು ಪಾಲು ಅಷ್ಟೇ. ಇನ್ಸುಲಿನ್ ಜಾಸ್ತಿಯಾದರೆ ಲಿವರ್ ಎಸ್‌ಎಚ್‌ಬಿಜಿ ಮಾಡುವುದನ್ನು ಕಡಿಮೆ ಮಾಡುತ್ತದೆ. ಅಜ್ಜಿಯರು ಕಡಿಮೆ, ಮಕ್ಕಳು ದಿಕ್ಕುದಿಕ್ಕಿಗೆ. ತಂಗಿಯ ಒಟ್ಟು ಟೆಸ್ಟೋಸ್ಟಿರಾನ್ ಲ್ಯಾಬಿನ ಮಿತಿಗಿಂತ ಒಂದು ಕೂದಲಿನಷ್ಟು ಮೇಲಿತ್ತು. "ಪರವಾಗಿಲ್ಲ, ಬಾರ್ಡರ್" ಅಂದಿದ್ದರಂತೆ. ಆದರೆ ಎಸ್‌ಎಚ್‌ಬಿಜಿ 17 ಅಂದರೆ ಕೈ ಬಿಟ್ಟು ಓಡುತ್ತಿರುವ ಪಾಲು ಬಹಳ ಜಾಸ್ತಿ. ಹಾಗಾಗಿ ಒಟ್ಟು ಟೆಸ್ಟೋಸ್ಟಿರಾನ್ ಒಂದನ್ನೇ ನೋಡಬಾರದು. ಎಸ್‌ಎಚ್‌ಬಿಜಿ ಜೊತೆ ಸೇರಿಸಿ ಲೆಕ್ಕ ಹಾಕಿದಾಗಲೇ ಗಲ್ಲದ ಕೂದಲಿಗೆ ಅರ್ಥ ಸಿಗುವುದು.

ಅವಳ ಎಲ್‌ಎಚ್ ಕಡಿಮೆ ಕಂಡಿದ್ದಕ್ಕೂ ಕಾರಣ ಇದೆ. ತೂಕ ಜಾಸ್ತಿ ಇರುವವರಲ್ಲಿ ಎಲ್‌ಎಚ್‌ನ ಪ್ರತಿ ಏಟಿನ ಜೋರು ತಗ್ಗುತ್ತದೆ. ಹಾಗಾಗಿ "ಎಲ್‌ಎಚ್ ಎಫ್‌ಎಸ್‌ಎಚ್‌ಗಿಂತ ಎರಡು ಪಟ್ಟು ಇಲ್ಲ, ಅಂದರೆ ಪಿಸಿಒಎಸ್ ಇಲ್ಲ" ಅನ್ನುವ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ತೆಳ್ಳಗಿರುವವರಲ್ಲಿ ಆ ಲೆಕ್ಕ ಎದ್ದು ಕಾಣುತ್ತದೆ, ನನ್ನದರಲ್ಲಿ ಕಂಡಂತೆ.

ಯಾವ ಬಗೆಗೆ ಯಾವ ತೊಂದರೆ

ಶುಗರ್, ಕೊಬ್ಬು, ಬಿ.ಪಿ. ಕಡೆಯಿಂದ ನೋಡಿದರೆ ಎ ಮತ್ತು ಬಿ ಬಗೆಯವರಿಗೆ ಅಪಾಯ ಜಾಸ್ತಿ. ಇನ್ಸುಲಿನ್ ರೆಸಿಸ್ಟೆನ್ಸ್ ಇವರಲ್ಲೇ ಹೆಚ್ಚು, ಟ್ರೈಗ್ಲಿಸರೈಡ್ ಹೆಚ್ಚು, ಒಳ್ಳೆಯ ಕೊಲೆಸ್ಟ್ರಾಲ್ ಕಡಿಮೆ, ಲಿವರ್‌ನಲ್ಲಿ ಕೊಬ್ಬು ಸೇರುವುದೂ ಹೆಚ್ಚು. ಎ ಮತ್ತು ಬಿ ನಡುವೆ ಇರುವ ವ್ಯತ್ಯಾಸ ಸ್ಕ್ಯಾನ್ ಮಾತ್ರ. ಅದಕ್ಕೇ ಈಗಿನ ಮಾರ್ಗಸೂಚಿಯಲ್ಲಿ ಮುಟ್ಟು ಏರುಪೇರು ಮತ್ತು ಆಂಡ್ರೋಜನ್ ಜಾಸ್ತಿ ಎರಡೂ ಖಚಿತವಿದ್ದರೆ ಸ್ಕ್ಯಾನೇ ಬೇಡ ಅಂತಿದೆ.

ಸಿ ಬಗೆಯವರು ನಡುವೆ ಬರುತ್ತಾರೆ. ಇವರ ಬಗ್ಗೆ ನನಗೆ ಕಾಳಜಿ ಜಾಸ್ತಿ. ಮುಟ್ಟು ಸರಿಯಾಗಿ ಬರುತ್ತಿರುತ್ತದೆ, ಹಾಗಾಗಿ ಹೆಂಗಸರ ಡಾಕ್ಟರ್ ಹತ್ತಿರ ಹೋಗುವುದೇ ಇಲ್ಲ. ಮುಖದ ಕೂದಲಿಗೆ ಪಾರ್ಲರ್, ಮೊಡವೆಗೆ ಮೆಡಿಕಲ್ ಶಾಪಿನ ಕ್ರೀಂ. ಹೀಗೇ ವರ್ಷಗಳು ಹೋಗುತ್ತವೆ. ಒಂದು ದಿನ ಬೇರೆ ಯಾವುದಕ್ಕೋ ರಕ್ತ ಪರೀಕ್ಷೆ ಮಾಡಿಸಿದಾಗ ಕೊಲೆಸ್ಟ್ರಾಲೋ ಶುಗರೋ ಕಾಣಿಸಿಕೊಳ್ಳುತ್ತದೆ.

ಡಿ ಬಗೆಯವರಿಗೆ, ಅಂದರೆ ನನ್ನಂಥವರಿಗೆ, ಸರಾಸರಿ ನೋಡಿದರೆ ಶುಗರ್ ತೊಂದರೆ ಕಡಿಮೆ. ನಮ್ಮ ಗೋಳು ಮುಖ್ಯವಾಗಿ ಮೊಟ್ಟೆ ಬಿಡುಗಡೆಯಾಗದಿರುವುದು. ಆದರೆ ಡಿ ಅಂತ ಬರೆಯುವ ಮುಂಚೆ ಒಂದು ವಿಷಯ ನೋಡಲೇಬೇಕು. ಊಟ ತೀರಾ ಕಡಿಮೆ ಮಾಡಿ, ಜಾಸ್ತಿ ವ್ಯಾಯಾಮ ಮಾಡಿ, ಚಿಂತೆಯಲ್ಲಿ ಸೊರಗಿದ ಹುಡುಗಿಯರಲ್ಲಿ ಮೆದುಳಿನ ಆ ತಾಳವೇ ನಿಂತು ಮುಟ್ಟು ನಿಲ್ಲುತ್ತದೆ. ಅವರಲ್ಲೂ ಕೆಲವರ ಸ್ಕ್ಯಾನ್‌ನಲ್ಲಿ ಫಾಲಿಕಲ್ ಜಾಸ್ತಿ ಕಾಣಬಹುದು. ಅಂಥವರಿಗೆ ಪಿಸಿಒಎಸ್ ಅಂತ ಹೇಳಿ "ತೂಕ ಇಳಿಸು, ಅನ್ನ ಬಿಡು" ಅಂದರೆ ಪೂರ್ತಿ ಉಲ್ಟಾ ಚಿಕಿತ್ಸೆ ಕೊಟ್ಟಂತೆ. ಅವರಿಗೆ ಬೇಕಾಗಿರುವುದು ಹೊಟ್ಟೆ ತುಂಬ ಊಟ. ನನ್ನ ಡಾಕ್ಟರ್ ಮೇಡಂ ಮೊದಲ ದಿನವೇ "ಬೆಳಗ್ಗೆ ಏನು ತಿಂದೆ, ನಿನ್ನೆ ರಾತ್ರಿ ಏನು ತಿಂದೆ, ದಿನಾ ಎಷ್ಟು ಓಡ್ತೀಯ" ಅಂತ ಕೂರಿಸಿಕೊಂಡು ಕೇಳಿದ್ದರು. ಆಗ ಅರ್ಥವಾಗಿರಲಿಲ್ಲ, ಈಗ ಆ ಪ್ರಶ್ನೆಯ ಬೆಲೆ ಗೊತ್ತು. ಅದೇ ರೀತಿ ಥೈರಾಯ್ಡ್, ಹಾಲು ಬರಿಸುವ ಹಾರ್ಮೋನ್ ಪ್ರೊಲ್ಯಾಕ್ಟಿನ್, ಮತ್ತು ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಒಂದು ಹುಟ್ಟು ತೊಂದರೆ ಇಲ್ಲ ಅಂತ ಖಚಿತವಾದ ಮೇಲೆಯೇ ಪಿಸಿಒಎಸ್ ಅನ್ನಬೇಕು.

ಹಾಗಂತ ತೆಳ್ಳಗಿರುವವರು ಆರಾಮಾಗಿ ಕೂರುವ ಹಾಗಿಲ್ಲ. 1989ರಲ್ಲೇ ಆಂಡ್ರಿಯಾ ಡುನೈಫ್ ಅನ್ನುವ ವಿಜ್ಞಾನಿ ಮತ್ತು ಜೊತೆಗಾರರು ಪಿಸಿಒಎಸ್‌ನಲ್ಲಿ ದಪ್ಪ ಇಲ್ಲದವರಲ್ಲೂ ಇನ್ಸುಲಿನ್ ರೆಸಿಸ್ಟೆನ್ಸ್ ಇರುತ್ತದೆ ಅಂತ ತೋರಿಸಿಕೊಟ್ಟರು. ನಮ್ಮ ಕಡೆಯವರಿಗೆ ಇದು ಇನ್ನೂ ಮುಖ್ಯ. ನಮ್ಮ ಕೈಕಾಲು ಸಣ್ಣಗಿದ್ದರೂ ಹೊಟ್ಟೆಯೊಳಗೆ ಕೊಬ್ಬು ಸೇರುತ್ತದೆ. ಅದಕ್ಕೇ ನಮ್ಮಂಥ ದಕ್ಷಿಣ ಏಷ್ಯಾದ ಹೆಂಗಸರಿಗೆ ಸೊಂಟದ ಸುತ್ತಳತೆಯ ಮಿತಿ 80 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಂಕಿ, 25ರ ಬದಲು 23 ದಾಟಿದರೇ ತೂಕ ಜಾಸ್ತಿ ಅನ್ನುವ ಲೆಕ್ಕ. ತೂಕದ ಮಷಿನ್‌ಗಿಂತ ಟೈಲರ್ ಟೇಪು ಜಾಸ್ತಿ ಸತ್ಯ ಹೇಳುತ್ತದೆ.

ಆಸ್ಪತ್ರೆಗಳಲ್ಲಿ ಸಿಗುವ ಲೆಕ್ಕಗಳಲ್ಲಿ ಎ ಬಗೆಯವರೇ ತುಂಬಿರುತ್ತಾರೆ, ಯಾಕೆಂದರೆ ತೊಂದರೆ ಜಾಸ್ತಿ ಇರುವವರೇ ಆಸ್ಪತ್ರೆಗೆ ಹೋಗುವುದು. ಊರಿನಲ್ಲಿ ಸಿಕ್ಕವರನ್ನೆಲ್ಲ ಪರೀಕ್ಷೆ ಮಾಡಿದ ಅಧ್ಯಯನಗಳಲ್ಲಿ ಸಿ ಮತ್ತು ಡಿ ಬಗೆಯವರ ಪಾಲು ಜಾಸ್ತಿ ಕಾಣುತ್ತದೆ. ಆಸ್ಪತ್ರೆಯ ಲೆಕ್ಕ ನೋಡಿ ಎಲ್ಲರನ್ನೂ ಹೆದರಿಸುವುದು ಸರಿಯಲ್ಲ.

ಕಂಪ್ಯೂಟರ್ ಮಾಡಿದ ಗುಂಪುಗಳು

ಎ, ಬಿ, ಸಿ, ಡಿ ಅನ್ನುವುದು ಡಾಕ್ಟರ್‌ಗಳು ಸಭೆ ಸೇರಿ ಎಳೆದ ಗೆರೆ. ದೇಹ ಅದೇ ಗೆರೆಯ ಮೇಲೆ ನಡೆಯಬೇಕು ಅಂತೇನಿಲ್ಲ. 2020ರಲ್ಲಿ ಡುನೈಫ್ ಅವರಿದ್ದ ತಂಡ ಇನ್ನೊಂದು ದಾರಿ ಹಿಡಿಯಿತು. ಯುರೋಪ್ ಮೂಲದ ಸುಮಾರು 900 ಹೆಂಗಸರ ಹಾರ್ಮೋನ್, ತೂಕ, ಶುಗರ್, ಇನ್ಸುಲಿನ್ ಅಂಕಿಗಳನ್ನು ಕಂಪ್ಯೂಟರ್‌ಗೆ ಕೊಟ್ಟು, ನೀನೇ ಗುಂಪು ಮಾಡು ಅಂದಿತು. ಎರಡು ಗುಂಪು ಎದ್ದು ಕಂಡವು. ಒಂದರಲ್ಲಿ ಎಲ್‌ಎಚ್ ಮತ್ತು ಎಸ್‌ಎಚ್‌ಬಿಜಿ ಜಾಸ್ತಿ, ತೂಕ ಮತ್ತು ಇನ್ಸುಲಿನ್ ಕಡಿಮೆ. ಇನ್ನೊಂದರಲ್ಲಿ ತೂಕ, ಶುಗರ್, ಇನ್ಸುಲಿನ್ ಜಾಸ್ತಿ, ಎಸ್‌ಎಚ್‌ಬಿಜಿ ಮತ್ತು ಎಲ್‌ಎಚ್ ಕಡಿಮೆ. ಮೊದಲನೆಯದು 100ಕ್ಕೆ 23ರಷ್ಟು, ಎರಡನೆಯದು 37ರಷ್ಟು. ಉಳಿದವರು ಎರಡಕ್ಕೂ ಸೇರದೆ ನಡುವೆ ಉಳಿದರು. ಎರಡು ಗುಂಪಿನವರ ಜೀನ್‌ಗಳಲ್ಲೂ ಬೇರೆ ಬೇರೆ ಗುರುತು ಸಿಕ್ಕಿತು. ಅಂದರೆ ಬೇರಿನಲ್ಲೇ ಬೇರೆ ಇರಬಹುದು.

ಇದನ್ನು ಮೊದಲ ಸಲ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಒಂದನೆಯ ಗುಂಪು ನನ್ನ ರಿಪೋರ್ಟ್, ಎರಡನೆಯದು ತಂಗಿಯದು. ಸಾಲು ಸಾಲಾಗಿ ಹೊಂದುತ್ತಿತ್ತು.

2025ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ಅಂಕಿಗಳಿಂದ ಇನ್ನೂ ದೊಡ್ಡ ಕೆಲಸ ನಡೆದು ನಾಲ್ಕು ಗುಂಪು ಬಂದವು: ಆಂಡ್ರೋಜನ್ ಜಾಸ್ತಿ ಇರುವವರು, ತೂಕ ಜಾಸ್ತಿ ಇರುವವರು, ಎಸ್‌ಎಚ್‌ಬಿಜಿ ಜಾಸ್ತಿ ಇರುವವರು, ಎಲ್‌ಎಚ್ ಮತ್ತು ಎಎಂಎಚ್ ಜಾಸ್ತಿ ಇರುವವರು. ಎಸ್‌ಎಚ್‌ಬಿಜಿ ಜಾಸ್ತಿ ಇರುವವರಿಗೆ ಮುಂದೆ ಶುಗರ್, ಬಿ.ಪಿ. ಕಡಿಮೆ. ತೂಕದ ಗುಂಪಿನವರಿಗೆ ಶುಗರ್ ಕಡೆಯ ತೊಂದರೆ ಜಾಸ್ತಿ, ಆದರೆ ವರ್ಷಗಳು ಕಳೆದಂತೆ ಪಿಸಿಒಎಸ್ ಲಕ್ಷಣ ಹೋಗುವ ಸಾಧ್ಯತೆಯೂ ಇವರಲ್ಲೇ ಜಾಸ್ತಿ. ಎಲ್‌ಎಚ್ ಗುಂಪಿನವರಲ್ಲಿ ಅದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಐವಿಎಫ್ ಮಾಡಿಸುವಾಗ ಇವರ ಓವರಿ ಇಂಜೆಕ್ಷನ್‌ಗೆ ಅತಿಯಾಗಿ ಊದಿಕೊಳ್ಳುವ ಅಪಾಯವೂ ಇದೆ, ಡೋಸ್ ನೋಡಿಕೊಂಡು ಕೊಡಬೇಕು.

ಇದನ್ನು ಫೋನಿನಲ್ಲಿ ಓಡಾಡುವ "ನಾಲ್ಕು ವಿಧದ ಪಿಸಿಒಎಸ್" ಜೊತೆ ಕಲಸಬೇಡಿ. ಇನ್ಸುಲಿನ್ ವಿಧ, ಅಡ್ರಿನಲ್ ವಿಧ, ಉರಿಯೂತದ ವಿಧ, ಮಾತ್ರೆ ಬಿಟ್ಟ ಮೇಲಿನ ವಿಧ ಅಂತ ರೀಲ್ಸ್‌ನಲ್ಲಿ ಹೇಳುತ್ತಾರೆ. ಆ ಪಟ್ಟಿ ವೈದ್ಯಕೀಯ ಮಾರ್ಗಸೂಚಿಯಲ್ಲಿಲ್ಲ. ಪೂರ್ತಿ ಗಾಳಿಮಾತು ಅಂತಲ್ಲ. ಅಡ್ರಿನಲ್ ಗ್ರಂಥಿಯಿಂದ ಬರುವ ಡಿಎಚ್‌ಇಎ-ಎಸ್ ಅನ್ನುವ ಆಂಡ್ರೋಜನ್ ಪಿಸಿಒಎಸ್ ಇರುವವರಲ್ಲಿ 100ಕ್ಕೆ 20ರಿಂದ 30 ಜನರಿಗೆ ಜಾಸ್ತಿ ಇರುತ್ತದೆ. ಆದರೆ ಅದು ಎ ಬಗೆಯಲ್ಲೂ ಇರಬಹುದು, ಸಿ ಬಗೆಯಲ್ಲೂ ಇರಬಹುದು. ಅದೇ ಒಂದು ಬೇರೆ ಕಾಯಿಲೆ ಅಂತ ಹೇಳಿ ಅದಕ್ಕೆಂದೇ ಪುಡಿ ಮಾರುವವರನ್ನು ನಂಬಬೇಡಿ.

ಎರಡು ಗಂಟೆಯ ಪರೀಕ್ಷೆ

ತಂಗಿಯ ಖಾಲಿ ಹೊಟ್ಟೆಯ ಶುಗರ್ 97 ಇತ್ತು. ಪಕ್ಕದಲ್ಲಿ ನಾರ್ಮಲ್ ಅಂತ ಬರೆದಿತ್ತು. ಚಿಕ್ಕಮ್ಮನಿಗೆ ಅಷ್ಟಕ್ಕೇ ಸಮಾಧಾನ. ಆದರೆ ಪಿಸಿಒಎಸ್‌ನಲ್ಲಿ ಖಾಲಿ ಹೊಟ್ಟೆಯ ಶುಗರ್ ಸರಿಯಿದ್ದು, ತಿಂದ ಮೇಲಿನದು ಏರಿರುವುದು ಬಹಳ ಸಾಮಾನ್ಯ. ಅದಕ್ಕೇ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ ತೂಕ, ವಯಸ್ಸು ನೋಡದೆ ಎಲ್ಲರಿಗೂ ಶುಗರ್ ಪರೀಕ್ಷೆ ಮಾಡಿ, ಅದಕ್ಕೆ 75 ಗ್ರಾಂ ಗ್ಲೂಕೋಸ್ ಕುಡಿಸಿ ನೋಡುವುದೇ ಸರಿಯಾದದ್ದು ಅನ್ನುತ್ತದೆ.

ಹಬ್ಬ ಕಳೆದ ಮೇಲೆ ಅವಳ ಡಾಕ್ಟರನ್ನು ಕೇಳಿ ಬರೆಸಿಕೊಂಡು ನಾನೇ ಲ್ಯಾಬಿಗೆ ಕರೆದುಕೊಂಡು ಹೋದೆ. ಬೆಳಗ್ಗೆ ಏಳೂವರೆಗೆ ಒಂದು ಸಲ ರಕ್ತ ತೆಗೆದರು. ಆಮೇಲೆ ಒಂದು ದೊಡ್ಡ ಲೋಟದಲ್ಲಿ ಗ್ಲೂಕೋಸ್ ನೀರು. ಐದು ನಿಮಿಷದಲ್ಲಿ ಕುಡಿದು ಮುಗಿಸಬೇಕು. ಅರ್ಧ ಕುಡಿಯುವಷ್ಟರಲ್ಲಿ ಅವಳಿಗೆ ವಾಕರಿಕೆ ಬಂತು. ಲ್ಯಾಬಿನ ಹುಡುಗಿ ಬೆನ್ನು ಸವರಿ "ಸ್ವಲ್ಪ ಸ್ವಲ್ಪ ಕುಡಿ, ವಾಂತಿ ಆದ್ರೆ ಮತ್ತೆ ಬರಬೇಕಾಗುತ್ತೆ" ಅಂದಳು. ಎರಡು ಗಂಟೆ ಓಡಾಡದೆ, ಏನೂ ತಿನ್ನದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆವು. ಎರಡನೆಯ ರಕ್ತದ ಲೆಕ್ಕ ಸಂಜೆ ಬಂತು: 164. 140ರ ಒಳಗಿದ್ದರೆ ಸರಿ, 200 ದಾಟಿದರೆ ಸಕ್ಕರೆ ಕಾಯಿಲೆ. ಅವಳು ನಡುವೆ, ಎಚ್ಚರಿಕೆಯ ಗಂಟೆ ಬಾರಿಸುವ ಜಾಗದಲ್ಲಿ. ಬೆಳಗಿನ 97 ನೋಡಿ ಸುಮ್ನೆ ಇದ್ದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ.

ಇನ್ಸುಲಿನ್ ಎಷ್ಟಿದೆ ಅಂತ ಅಳೆಯುವ ಟೆಸ್ಟನ್ನೂ ಲ್ಯಾಬ್ ಪ್ಯಾಕೇಜ್‌ಗಳಲ್ಲಿ ಸೇರಿಸಿರುತ್ತಾರೆ. ಅದರ ಅಂಕಿ ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತದೆ, ಮಾಮೂಲಿ ಚಿಕಿತ್ಸೆಗೆ ಅದು ಬೇಕಾಗಿಲ್ಲ ಅಂತಲೇ ಮಾರ್ಗಸೂಚಿ ಹೇಳುತ್ತದೆ. ಆ ದುಡ್ಡನ್ನು ಗ್ಲೂಕೋಸ್ ಟೆಸ್ಟಿಗೆ ಮತ್ತು ಕೊಲೆಸ್ಟ್ರಾಲ್‌ಗೆ ಹಾಕಿ.

ಹೈಸ್ಕೂಲು, ಪಿಯುಸಿ ಓದುವ ಹುಡುಗಿಯರಿಗೆ ಬೇರೆಯೇ ನಿಯಮ. ಮೊದಲ ಮುಟ್ಟು ಬಂದು ಎಂಟು ವರ್ಷ ಆಗುವವರೆಗೆ ಸ್ಕ್ಯಾನ್ ನೋಡಿ ಪಿಸಿಒಎಸ್ ಅನ್ನುವ ಹಾಗಿಲ್ಲ, ಎಎಂಎಚ್ ನೋಡಿಯೂ ಅನ್ನುವ ಹಾಗಿಲ್ಲ. ಆ ವಯಸ್ಸಿನಲ್ಲಿ ಎಷ್ಟೋ ಆರೋಗ್ಯವಂತ ಹುಡುಗಿಯರ ಓವರಿಯಲ್ಲೂ ಫಾಲಿಕಲ್ ಜಾಸ್ತಿ ಇರುತ್ತವೆ. ಹದಿನಾರರ ಹುಡುಗಿಗೆ "ನಿನಗೆ ಗುಳ್ಳೆ ಇದೆ, ಮುಂದೆ ಮಕ್ಕಳಾಗೋದು ಕಷ್ಟ" ಅಂತ ಯಾರಾದರೂ ಹೇಳಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಮಾತ್ರೆ ಬೇರೆ ಯಾಕೆ

ಈಗ ಚಿಕಿತ್ಸೆ ಯಾಕೆ ಬೇರೆ ಬೇರೆ ಅಂತ ನೀವೇ ಊಹಿಸಬಹುದು. ಮೆಟ್‌ಫಾರ್ಮಿನ್ ಕೆಲಸ ಮಾಡುವುದು ಮುಖ್ಯವಾಗಿ ಶುಗರ್, ಇನ್ಸುಲಿನ್ ಕಡೆ. ತಂಗಿಗೆ ಅದರಿಂದ ಉಪಯೋಗ ಜಾಸ್ತಿ. ಗರ್ಭನಿರೋಧಕ ಮಾತ್ರೆ ಎಲ್‌ಎಚ್ ತಗ್ಗಿಸುತ್ತದೆ, ಜೊತೆಗೆ ಲಿವರ್‌ನಿಂದ ಎಸ್‌ಎಚ್‌ಬಿಜಿ ಜಾಸ್ತಿ ಮಾಡಿಸುತ್ತದೆ. ಅಂದರೆ ಅಜ್ಜಿಯರನ್ನು ಮತ್ತೆ ಜಾತ್ರೆಗೆ ಕರೆತರುತ್ತದೆ. ಗಲ್ಲದ ಕೂದಲು, ಮೊಡವೆ ಇರುವವರಿಗೆ ಅದಕ್ಕೇ ಕೊಡುವುದು. ಕೂದಲು ಕಡಿಮೆಯಾಗಲು ಆರು ತಿಂಗಳಾದರೂ ಬೇಕು, ಎರಡು ತಿಂಗಳಿಗೆ ಬೇಸತ್ತು ಬಿಟ್ಟುಬಿಡಬೇಡಿ. ಬಿ.ಪಿ., ಅರೆತಲೆನೋವು, ಕುಟುಂಬದಲ್ಲಿ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ ಡಾಕ್ಟರ್‌ಗೆ ಮೊದಲೇ ಹೇಳಬೇಕು.

ನನಗೆ ಮದುವೆಯಾದ ಮೇಲೆ ಬೇಕಾಗಿದ್ದು ಮೊಟ್ಟೆ ಬಿಡುಗಡೆ. ಅದಕ್ಕೆ ಈಗ ಮೊದಲು ಕೊಡುವ ಮಾತ್ರೆ ಲೆಟ್ರೋಜೋಲ್. 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಲೆಟ್ರೋಜೋಲ್ ತೆಗೆದುಕೊಂಡವರಲ್ಲಿ 100ಕ್ಕೆ 27.5 ಜನರಿಗೆ, ಹಳೆಯ ಕ್ಲೋಮಿಫೀನ್ ತೆಗೆದುಕೊಂಡವರಲ್ಲಿ 19.1 ಜನರಿಗೆ ಮಗುವಾಯಿತು. ಮೂರನೆಯ ಸುತ್ತಿನಲ್ಲಿ ನನಗೆ ಫಲ ಸಿಕ್ಕಿತು. ಮಗಳಿಗೆ ಈಗ ಎರಡು ವರ್ಷ.

ಬಗೆ ಯಾವುದೇ ಇರಲಿ, 90 ದಿನದವರೆಗೂ ಮುಟ್ಟು ಬರದಿದ್ದರೆ ಸುಮ್ಮನಿರಬಾರದು. ಮೊಟ್ಟೆ ಬಿಡುಗಡೆ ಆಗದಿದ್ದರೆ ಪ್ರೊಜೆಸ್ಟಿರಾನ್ ಅನ್ನುವ ಹಾರ್ಮೋನ್ ಬರುವುದಿಲ್ಲ, ಗರ್ಭಕೋಶದ ಒಳಪದರ ಕಳಚದೆ ದಪ್ಪವಾಗುತ್ತಲೇ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಅದು ಕ್ಯಾನ್ಸರಿಗೂ ದಾರಿಯಾಗಬಹುದು. ಕೆಲವು ದಿನ ಮಾತ್ರೆ ಕೊಟ್ಟು ಮುಟ್ಟು ತರಿಸುವುದು ಇದಕ್ಕೇ. "ಬರದಿದ್ರೆ ಒಳ್ಳೇದೇ ಆಯ್ತು, ಹಬ್ಬದಲ್ಲಿ ಕಾಟ ಇಲ್ಲ" ಅಂತ ನಮ್ಮಲ್ಲಿ ಹೇಳುತ್ತಾರಲ್ಲ, ಆ ಮಾತು ಬೇಡ.

ಊಟದ ವಿಷಯದಲ್ಲಿ ಇಂಥದ್ದೇ ಒಂದು ಡಯಟ್ ಉಳಿದೆಲ್ಲಕ್ಕಿಂತ ಒಳ್ಳೆಯದು ಅಂತ ಯಾರೂ ಸಾಬೀತು ಮಾಡಿಲ್ಲ. ತಂಗಿ ಅನ್ನದ ರಾಶಿ ಅರ್ಧ ಮಾಡಿ ಪಲ್ಯ, ಮೊಳಕೆಕಾಳು, ಮೊಟ್ಟೆ ಜಾಸ್ತಿ ಮಾಡಿದ್ದಾಳೆ. ಊಟ ಆದ ಮೇಲೆ ಅರ್ಧ ಗಂಟೆ ನಡೆಯುತ್ತಾಳೆ. ವಾರಕ್ಕೆ ಎರಡು ದಿನ ಭಾರ ಎತ್ತುವ ವ್ಯಾಯಾಮವೂ ಇದೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ ಬಾಗಿಲು ತಟ್ಟುವವರೆಗೂ ಕಾಯದೆ ತಾನೇ ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹಾಗಾಗಿ ತೂಕ ಇಳಿಯದಿದ್ದರೂ ನಡಿಗೆ ವ್ಯರ್ಥ ಆಗುವುದಿಲ್ಲ. ಇದನ್ನು ನಾನು ಅವಳಿಗೆ ಹತ್ತು ಸಲ ಹೇಳಿದ್ದೇನೆ, ಯಾಕೆಂದರೆ ತೂಕದ ಮಷಿನ್ ನೋಡಿ ಅವಳು ಅಳುತ್ತಿದ್ದಳು.

ವಯಸ್ಸಾದಂತೆ ಬಗೆಯೂ ಬದಲಾಗಬಹುದು. ಮೂವತ್ತೈದು, ನಲವತ್ತು ದಾಟಿದ ಮೇಲೆ ಫಾಲಿಕಲ್‌ಗಳ ಸಂಖ್ಯೆ, ಆಂಡ್ರೋಜನ್ ಎರಡೂ ಇಳಿದು ಎಷ್ಟೋ ಜನರಿಗೆ ಮುಟ್ಟು ತಾನಾಗಿ ಸರಿಹೋಗುತ್ತದೆ. ಇನ್ಸುಲಿನ್ ತೊಂದರೆ ಹಾಗೆ ತಾನಾಗಿ ಹೋಗುವುದಿಲ್ಲ. ಅದಕ್ಕೇ ಒಂದರಿಂದ ಮೂರು ವರ್ಷಕ್ಕೊಮ್ಮೆ ಶುಗರ್ ಪರೀಕ್ಷೆ ಮುಂದುವರಿಸಬೇಕು. ನನಗೂ ಇದು ಅನ್ವಯಿಸುತ್ತದೆ, ಡಿ ಬಗೆ ಅಂತ ರಿಯಾಯಿತಿ ಇಲ್ಲ.

ತಂಗಿಯ ಫೈಲಿನ ಮೊದಲ ಪುಟದಲ್ಲಿ ಈಗ ಅವಳ ಕೈಬರಹದ ಒಂದು ಹಾಳೆ ಇದೆ. ಮೇಲೆ ದೊಡ್ಡದಾಗಿ "ಎ" ಅಂತ ಬರೆದಿದ್ದಾಳೆ. ಕೆಳಗೆ ಮುಟ್ಟಿನ ತಾರೀಖುಗಳು, ಸೊಂಟದ ಅಳತೆ, ಎಸ್‌ಎಚ್‌ಬಿಜಿ 17, ಎರಡು ಗಂಟೆಯ ಶುಗರ್ 164. ಅದರ ಪಕ್ಕದ ಕಾಲಂ ಖಾಲಿ ಬಿಟ್ಟಿದ್ದಾಳೆ, ಮುಂದಿನ ದೀಪಾವಳಿಗೆ ತುಂಬಲು. ಕಡಲೆಹಿಟ್ಟಿನ ಡಬ್ಬ ಅಡುಗೆಮನೆಗೆ ವಾಪಸ್ ಹೋಗಿದೆ.